ಹದಿನಾಲ್ಕು ಸಾವಿರಕ್ಕೆ ಇಳಿದರೆ

ಅಕ್ಟೋಬರ್ 12

ಪುಟ್ಟಿ,

ವರ್ಷಕ್ಕೊಮ್ಮೆ ನೀನು ಕಳಿಸುವ ಕಾರ್ಡಿನ ಹಿಂದಿರುವ ವಿಳಾಸ ನಂಬಿ ಬರೆಯುತ್ತಿದ್ದೇನೆ. ಮನೆ ಬದಲಿಸಿದ್ದರೆ ಈ ಕಾಗದ ಯಾರ ಕೈಗೆ ಸಿಗುತ್ತದೋ, ಅವರಾದರೂ ಓದಲಿ.

ಅಪ್ಪ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಪೆನ್ನನ್ನೇ ನೋಡುತ್ತಿದ್ದಾರೆ. ಪೆನ್ನು ನಿಂತರೆ ಮೇಜು ತಟ್ಟುತ್ತಾರೆ. ಅವರ ಕೈ ಈಗ ಲೋಟ ಹಿಡಿದರೂ ನಡುಗುತ್ತದೆ, ಪೆನ್ನಂತೂ ಬೆರಳಲ್ಲಿ ನಿಲ್ಲುವುದೇ ಇಲ್ಲ. ಕಣ್ಣೂ ಮಂಜು. ಹಾಗಾಗಿ ಅವರು ಹೇಳಿದ್ದನ್ನು ನಾನು ಬರೆಯುತ್ತೇನೆ.

ವಿಷಯ ಇಷ್ಟು. ಅವರ ಗಂಟಲಲ್ಲಿ ಗಡ್ಡೆ ಬೆಳೆದಿದೆ. ಮೊದಲು ಕೆಲವು ತಿಂಗಳು ಔಷಧಿ, ರೇಡಿಯೇಷನ್. ಅದು ಕುಗ್ಗಿದ ಮೇಲೆ ಮಾರ್ಚ್ 18, ಸೋಮವಾರ ಬೆಳಿಗ್ಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಊರಿಗೆಲ್ಲ ಬಸ್ಸು ಕೂಗಿ ಹೇಳಿದ ಮನುಷ್ಯ. ಡಾಕ್ಟರು ಹೇಳಿದಾಗ ಅಳಲಿಲ್ಲ. ಹೊರಗೆ ಬಂದು ಒಂದೇ ಮಾತು ಅಂದರು: "ಅಷ್ಟ್ರೊಳಗೆ ಪುಟ್ಟಿ ಬರ್ಲಿ. ಅವಳ್ಗೊಂದು ಮಾತು ಹೇಳ್ಬೇಕು. ಬಾಯಲ್ಲೇ ಹೇಳ್ಬೇಕು."

ಏನು ಮಾತು ಅಂತ ಕೇಳಿದೆ. "ಅವಳ್ಗೇ ಹೇಳ್ತೀನಿ" ಅಂದರು.

ಟಿಕೆಟ್ಟಿನ ಬಗ್ಗೆ ಒಂದು ಮಾತು. ನಾನು ಈಗ ಟಿಕೆಟ್ ಅಂಗಡಿಯ ಕೌಂಟರಿನಲ್ಲಿದ್ದೇನೆ, ಒಂಬತ್ತು ವರ್ಷವಾಯಿತು. ನಮ್ಮೂರಿಗೆ ವಾರಕ್ಕೆ ಒಂದೇ ವಿಮಾನ, ಶುಕ್ರವಾರ. ಇಷ್ಟು ಮುಂಚೆ ಕೊಂಡರೆ ದುಡ್ಡು ದಂಡ. ಆತುರ ಬೇಡ, ಬೆಲೆ ಇಳಿದಾಗ ನಾನೇ ತಿಳಿಸುತ್ತೇನೆ.

ಅಪ್ಪ ಮತ್ತೆ ಮೇಜು ತಟ್ಟುತ್ತಿದ್ದಾರೆ. ಮುಗಿಸುತ್ತೇನೆ.

ಅಕ್ಕ

ಅಕ್ಟೋಬರ್ 29

ಅಕ್ಕ,

ಮನೆ ಬದಲಿಸಿಲ್ಲ. ಬದಲಿಸುವಂಥದ್ದು ಏನೂ ನಡೆದಿಲ್ಲ ನನ್ನ ಬದುಕಿನಲ್ಲಿ. ಯಾಕೆ ನಡೆಯಲಿಲ್ಲ ಅನ್ನುವುದು ನಿಮ್ಮಿಬ್ಬರಿಗೂ ಗೊತ್ತು.

ಟಿಕೆಟ್ಟಿನ ಪಾಠ ನನಗೆ ಹೇಳಬೇಡ. ನಾನು ಏನು ಕೆಲಸ ಮಾಡುತ್ತೇನೆ ಅಂತ ಹದಿನಾಲ್ಕು ವರ್ಷದಲ್ಲಿ ನೀವು ಯಾರೂ ಕೇಳಲಿಲ್ಲ, ಆದ್ದರಿಂದ ಹೇಳುತ್ತೇನೆ. ವಿಮಾನದ ಟಿಕೆಟ್ಟಿಗೆ ಬೆಲೆ ಕಟ್ಟುವವರು ನಾವೇ. ವಿಮಾನ ಕಂಪನಿಯವರು ನಮಗೆ ಗುತ್ತಿಗೆ ಕೊಟ್ಟಿದ್ದಾರೆ. ಒಂದು ದೊಡ್ಡ ಕೋಣೆ, ಇಪ್ಪತ್ತು ಮೇಜು, ಮೇಜಿಗೆ ಎರಡು ಪರದೆ. ನನ್ನ ಪಾಲಿಗೆ ಒಂಬತ್ತು ಮಾರ್ಗ. ನಿಮ್ಮೂರೂ ಅದರಲ್ಲಿದೆ, ನಗು ಬಂದರೆ ನಗು.

ಒಂದೇ ವಿಮಾನದ ಸೀಟುಗಳನ್ನು ನಾವು ಖಾನೆ ಖಾನೆಯಾಗಿ ಇಡುತ್ತೇವೆ. ಕೆಳಗಿನ ಖಾನೆ ಅಗ್ಗ, ಹತ್ತೇ ಸೀಟು. ಅದು ಖಾಲಿಯಾದರೆ ಮೇಲಿನದು ತೆರೆಯುತ್ತದೆ. ಬೇಗ ಖಾಲಿಯಾಗುತ್ತಿದೆ ಅನ್ನಿಸಿದರೆ ನಾವೇ ಕೆಳಗಿನದನ್ನು ಮುಚ್ಚುತ್ತೇವೆ. ಯಾರೂ ಕೇಳದಿದ್ದರೆ ಮತ್ತೆ ತೆರೆಯುತ್ತೇವೆ. ಸೀಟಿಗೆ ಬೆಲೆ ಅಂತ ಒಂದಿಲ್ಲ, ಅಕ್ಕ. ಕೂರುವವನ ಗರಜಿಗೆ, ಅವನ ಅಗತ್ಯಕ್ಕೆ ಬೆಲೆ. ಗರಜು ತೋರಿಸಿದವನು ಹೆಚ್ಚು ಕೊಡುತ್ತಾನೆ.

ಹಾಗಾಗಿ ನಾನು ತೋರಿಸುವುದಿಲ್ಲ. ಆ ದಿನದ ಬಸ್ ಟಿಕೆಟ್ಟು ಇನ್ನೂ ನನ್ನ ಹತ್ತಿರ ಇದೆ. ನೂರ ನಲವತ್ತು. ನಾಲ್ಕು ಗಂಟೆಯ ಬಸ್ಸು. ಆ ಬಸ್ಸು ಹೋಗುವ ಊರಲ್ಲಿ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಕನ್ನಡಕದವನು ಎರಡು ಹಾರ ಹಿಡಿದು ಕಾಯುತ್ತಿದ್ದ. ಮಾರನೆಯ ಬೆಳಿಗ್ಗೆ ಅವನ ಹಡಗು ಹೊರಡುವುದಿತ್ತು. ಅಪ್ಪನ ದನಿ ಸ್ಪೀಕರಿನಲ್ಲಿ ಬಂತು: "ಪ್ರಯಾಣಿಕರ ಗಮನಕ್ಕೆ, ನಾಲ್ಕು ಗಂಟೆಯ ಬಸ್ಸು ನಾಲ್ಕೂವರೆಗೆ, ಒಂಬತ್ತನೇ ಅಂಕಣದಿಂದ." ಹುಟ್ಟಿದಂದಿನಿಂದ ಕೇಳಿದ ದನಿ, ನಂಬಿ ಒಂಬತ್ತರಲ್ಲಿ ಕೂತೆ. ಬಸ್ಸು ನಾಲ್ಕಕ್ಕೇ ಎರಡರಿಂದ ಹೋಯಿತು. ವಿಚಾರಣೆಯ ಕಿಟಕಿಯಲ್ಲಿ ನೀನಿದ್ದೆ. ನೀನು ಚೀಟಿ ಬರೆದುಕೊಡುತ್ತಿದ್ದೆ, ಅವರು ಓದುತ್ತಿದ್ದರು. ನೀನು ಸರಿಯಾಗೇ ಬರೆದಿದ್ದೆ ಅಂತ ಆ ಸಂಜೆ ನನ್ನ ಹೆಗಲ ಮೇಲೆ ಅತ್ತೆ. ಅವರು ಒಂದು ಮಾತೂ ಆಡಲಿಲ್ಲ. ತಪ್ಪಾಯಿತು ಅಂತ ಕೂಡ.

ಈಗ ಮಾತು ಹೇಳಬೇಕಂತೆ. ಸಂತೋಷ. ಆ ಟಿಕೆಟ್ಟಿನ ನೂರು ಪಟ್ಟು, ಹದಿನಾಲ್ಕು ಸಾವಿರ. ಮಾರ್ಚ್ 15ರ ವಿಮಾನ ಅಷ್ಟಕ್ಕೆ ಇಳಿದರೆ ಬರುತ್ತೇನೆ. ಒಂದು ಕಾಸು ಹೆಚ್ಚಾದರೂ ಇಲ್ಲ. ಇವತ್ತಿನ ಬೆಲೆ ಹದಿನಾರು ಸಾವಿರದ ಇನ್ನೂರು. ನನ್ನ ಮಾರ್ಗದ ಬೆಲೆಯನ್ನು ನನಗಾಗಿ ಇಳಿಸಿದರೆ ಕೆಲಸ ಹೋಗುತ್ತದೆ, ಇಳಿಸುವುದೂ ಇಲ್ಲ.

ಫೋನ್ ನಂಬರ್ ಕೇಳಬೇಡ. ಆ ದನಿಯನ್ನು ಇನ್ನೊಮ್ಮೆ ಯಾವ ಸ್ಪೀಕರಿನಲ್ಲೂ ಕೇಳಲಾರೆ.

ತಂಗಿ

ನವೆಂಬರ್ 14

ಪುಟ್ಟಿ,

ಅಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ. ಪೂರ್ತಿ ಅಲ್ಲ. ಬೆಲೆ ಇಳಿದರೆ ಬರುತ್ತಾಳಂತೆ ಅಂದೆ. "ಎಷ್ಟಕ್ಕೆ ಇಳೀಬೇಕಂತೆ?" ಅಂದರು. ಹೇಳಿದೆ. ಬೆರಳು ಮಡಚಿ ಏನೋ ಲೆಕ್ಕ ಹಾಕಿ, "ಸರಿಯಾಗೇ ಕೇಳಿದಾಳೆ" ಅಂದರು. ಅರ್ಥವಾಗಿದೆ ಮುದುಕರಿಗೆ.

ಈಗ ದಿನಾ ಆಸ್ಪತ್ರೆ ಮುಗಿಸಿ ನನ್ನ ಅಂಗಡಿಗೇ ಬಂದು ಕೂರುತ್ತಾರೆ. ಗಿರಾಕಿಗಳ ಬೆಂಚಿನ ಮೇಲೆ, ಕತ್ತಿಗೆ ಮಫ್ಲರ್ ಸುತ್ತಿಕೊಂಡು. ಐದು ಗಂಟೆಗೆ ಒಂದು ಪ್ರಶ್ನೆ: "ಇವತ್ತೆಷ್ಟು?" ನಾನು ಪರದೆ ನೋಡಿ ಹೇಳುತ್ತೇನೆ. ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಅಂಗಡಿಯವರಿಗೆಲ್ಲ ತಮಾಷೆ. "ನಿಮ್ಮಪ್ಪ ವಿಮಾನ ಕೊಳ್ತಾರೇನ್ರೀ?" ಅನ್ನುತ್ತಾರೆ. ನೀನು ಅಲ್ಲಿ ಕೂತು ಖಾನೆ ತೆಗೆದು ಮುಚ್ಚಿ ಆಡುವ ಆಟಕ್ಕೆ ಇಲ್ಲಿ ಒಬ್ಬ ಪ್ರೇಕ್ಷಕ ಇದ್ದಾರೆ ಅಂತ ತಿಳಿದಿರಲಿ.

ಹದಿನಾಲ್ಕು ವರ್ಷ ಅಂತ ಬರೆದೆಯಲ್ಲ, ಅದರಲ್ಲಿ ಅವರ ಬಟ್ಟೆ ಒಗೆದಿದ್ದು, ಹಲ್ಲುಸೆಟ್ಟು ತೊಳೆದಿದ್ದು, ರೇಡಿಯೇಷನ್ ಆದ ದಿನ ಉಗುಳು ಹಿಡಿದಿದ್ದು ಯಾವ ಖಾನೆಗೆ ಸೇರುತ್ತದೆ? ನಿನಗೆ ಬಸ್ಸು ತಪ್ಪಿತು. ನನಗೆ ಬಸ್ಸೇ ಇರಲಿಲ್ಲ.

ಅವರು ಏನು ಹೇಳುತ್ತಾರೋ ಅಂತ ದೊಡ್ಡ ನಿರೀಕ್ಷೆ ಇಟ್ಟುಕೊಳ್ಳಬೇಡ. ವಯಸ್ಸಾಯಿತು. ಮೊನ್ನೆ ಪಕ್ಕದ ಮನೆ ಡ್ರೈವರನ್ನು ನಮ್ಮ ಚಿಕ್ಕಪ್ಪ ಅಂದುಕೊಂಡು ಬೈದರು. ನೀನು ಅಷ್ಟು ದೂರದಿಂದ ಬಂದು ಕೂತರೆ, ಕೂದಲು ಯಾಕೆ ಕತ್ತರಿಸಿಕೊಂಡೆ ಅಂತ ಕೇಳಿ ಸುಮ್ಮನಾಗಬಹುದು.

ಇವತ್ತು ಹದಿನೈದು ಸಾವಿರದ ನಾನೂರು. ಇಳಿಯುತ್ತಿದೆ. ಕಾಯಿ.

ಅಕ್ಕ

ಡಿಸೆಂಬರ್ 3

ಅಕ್ಕ,

ನಿನ್ನ ಕಾಗದ ಬಂದ ದಿನ ಬೆಲೆ ಹದಿನಾಲ್ಕು ಸಾವಿರದ ಮುನ್ನೂರಕ್ಕೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಊಟದ ಬಿಡುವಿನಲ್ಲಿ ನನ್ನ ಫೋನಿನಲ್ಲಿ ಟಿಕೆಟ್ಟಿನ ಪುಟ ತೆರೆದು ಹೆಸರು, ಹುಟ್ಟಿದ ದಿನ ಎಲ್ಲ ತುಂಬಿದೆ. ಇನ್ನೊಂದು ಮುನ್ನೂರು ಇಳಿಯಲಿ ಅಂತ ಬೆರಳು ಹಿಂದೆ ತೆಗೆದುಕೊಂಡೆ.

ಮಾರನೆಯ ಬೆಳಿಗ್ಗೆ ನನ್ನ ಮೇಜಿನ ಪರದೆಯಲ್ಲಿ ಆ ದಿನಾಂಕ ಕೆಂಪಾಗಿತ್ತು. ಅಗ್ಗದ ಖಾನೆಯ ಹತ್ತೂ ಸೀಟು ಒಂದೇ ಏಟಿಗೆ ಹೋಗಿದ್ದವು. ಕೊಂಡಿದ್ದಲ್ಲ, ಹಿಡಿದಿಟ್ಟಿದ್ದು. ಯಾವುದೋ ಟಿಕೆಟ್ ಅಂಗಡಿಯವರು ದುಡ್ಡು ಕಟ್ಟದೆ ಮೂರು ದಿನಕ್ಕೆ ಹಿಡಿದಿಡುತ್ತಾರಲ್ಲ, ಹಾಗೆ. ಮೂರು ದಿನದ ಮೇಲೆ ಬಿಟ್ಟರು, ಮತ್ತೆ ಹಿಡಿದರು. ನಿಮ್ಮೂರಿಗೆ ಯಾವುದೋ ಗುಂಪು ಬರುತ್ತಿದೆ ಅಂತ ಕಾಣುತ್ತದೆ. ನಮ್ಮ ನಿಯಮ ಕಲ್ಲಿನಲ್ಲಿ ಕೊರೆದ ಹಾಗೆ: ಗುಂಪು ಬಂದರೆ ಕೆಳಗಿನ ಖಾನೆ ಮುಚ್ಚು. ನಾನೇ ಮುಚ್ಚಿದೆ. ಈಗ ಹತ್ತೊಂಬತ್ತು ಸಾವಿರ.

ಹತ್ತಿರದ ಮೇಜಿನವಳು "ಯಾಕೆ ಮುಖ ಹೀಗೆ?" ಅಂದಳು. ಏನಿಲ್ಲ, ನನ್ನ ಮುಖದ ಮೇಲೆ ನಾನೇ ಬಾಗಿಲು ಹಾಕಿಕೊಂಡೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಬೆಂಚಿನ ಮೇಲೆ ಕೂರುವವರಿಗೆ ಹೇಳು: ಮುನ್ನೂರರಲ್ಲಿ ತಪ್ಪಿತು. ಅರ್ಧ ಗಂಟೆಯಲ್ಲಿ ತಪ್ಪಿದ ಬಸ್ಸಿನಷ್ಟೇ ಹತ್ತಿರದಲ್ಲಿ. ಕಾಯುವುದು ಹೇಗಿರುತ್ತದೆ ಅಂತ ಅವರಿಗೂ ಗೊತ್ತಾಗಲಿ.

ತಂಗಿ

ಜನವರಿ 6

ಪುಟ್ಟಿ,

ನೀನು ಹೇಳಿದ ಹಾಗೇ ಹೇಳಿದೆ, ಒಂದಕ್ಷರ ಬಿಡದೆ. ಆ ದಿನ ಅಪ್ಪ ಊಟ ಮಾಡಲಿಲ್ಲ. ನಿನಗೆ ಸಮಾಧಾನವಾಗಲಿ ಅಂತ ಬರೆಯುತ್ತಿದ್ದೇನೆ.

ದನಿ ಸಣ್ಣಗಾಗಿದೆ. ಅಂಗಡಿಯ ಬೆಂಚಿನಿಂದ "ಇವತ್ತೆಷ್ಟು" ಅಂದದ್ದು ಕೌಂಟರಿಗೆ ಕೇಳುವುದಿಲ್ಲ, ತುಟಿ ನೋಡಿ ಉತ್ತರ ಕೊಡುತ್ತೇನೆ. ನಿನಗಾಗಿ ದನಿ ಉಳಿಸುತ್ತಿದ್ದಾರಂತೆ. ಬಿಸಿನೀರು ಬೇಕಾದರೆ ಬೆರಳು ತೋರಿಸುತ್ತಾರೆ. ಡಾಕ್ಟರು ಹೇಗಿದ್ದೀರಿ ಅಂದರೆ ತಲೆಯಾಡಿಸುತ್ತಾರೆ. ಆ ಒಂದು ಪ್ರಶ್ನೆ ಬಿಟ್ಟರೆ ನನ್ನ ಹತ್ತಿರ ಮಾತಾಡಿ ಎರಡು ವಾರವಾಯಿತು. ಊಟ ಹಾಕುವ ಕೈಗೆ ಒಂದು ಮಾತಿಲ್ಲ, ಬೆಲೆ ಕಟ್ಟುವ ಮಗಳಿಗೆ ಇದ್ದ ಮಾತೆಲ್ಲ ಗಂಟು ಕಟ್ಟಿ ಇಟ್ಟಿದ್ದಾರೆ.

ಸ್ನಾನದ ಮನೆಯಲ್ಲಿ ಮಾತ್ರ ಅಭ್ಯಾಸ ಮಾಡುತ್ತಾರೆ. ನೀರು ಜೋರಾಗಿ ಬಿಟ್ಟುಕೊಂಡು. "ಪುಟ್ಟೀ, ಆ ದಿನ..." ಅಂತ ಶುರು ಮಾಡುತ್ತಾರೆ. ಅಷ್ಟರಲ್ಲಿ ಕೆಮ್ಮು. ಮತ್ತೆ "ಪುಟ್ಟೀ, ಆ ದಿನ..." ಮೈಕಿನ ಮುಂದೆ ನಿಲ್ಲುವಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದರಲ್ಲ, ಹಾಗೇ.

ಬೆಲೆ ಇಪ್ಪತ್ತು ದಾಟಿದೆ. ಹೆದರಬೇಡ. ಗುಂಪಿನವರು ಕೈಬಿಟ್ಟರೆ ಫೆಬ್ರವರಿ ಮೊದಲ ವಾರ ಧೊಪ್ಪನೆ ಬೀಳುತ್ತದೆ, ನಾನು ಎಷ್ಟೋ ನೋಡಿದ್ದೇನೆ. ಹಟ ಹಿಡಿದಿದ್ದೀಯ, ಪೂರ್ತಿ ಹಿಡಿ. ಮಧ್ಯದಲ್ಲಿ ಬಿಟ್ಟು ಸಣ್ಣವಳಾಗಬೇಡ.

ಅಕ್ಕ

ಫೆಬ್ರವರಿ 11

ಅಕ್ಕ,

ಬಿದ್ದಿಲ್ಲ. ಇಪ್ಪತ್ತಮೂರು ಸಾವಿರದ ಎಂಟುನೂರು. ಗುಂಪಿನವರು ಬಿಡುತ್ತಾರೆ, ಹಿಡಿಯುತ್ತಾರೆ. ಇಷ್ಟು ತಿಂಗಳು ದುಡ್ಡು ಕಟ್ಟದೆ ಆಡುವ ಗುಂಪನ್ನು ನಾನು ಕಂಡಿಲ್ಲ. ಯಾವ ಅಂಗಡಿ ಅಂತ ನನ್ನ ಪರದೆಯಲ್ಲಿ ಬರುವುದಿಲ್ಲ, ಕೇಳಬೇಕೆಂದರೆ ಮೇಲಿನವರಿಗೆ ಅರ್ಜಿ ಹಾಕಬೇಕು. ಊರು ನನ್ನದು ಅಂತ ಗೊತ್ತಾದರೆ ಮಾರ್ಗವನ್ನೇ ಕಿತ್ತುಕೊಳ್ಳುತ್ತಾರೆ ಅಂತ ಸುಮ್ಮನಿದ್ದೇನೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಹದಿನಾಲ್ಕು ಸಾವಿರ ಅಂದದ್ದು ಉರಿಗೆ ಅಂದದ್ದು. ಇಪ್ಪತ್ತಮೂರು ಕೊಡಲು ನನಗೆ ಆಗುವುದಿಲ್ಲ ಅಂತಲ್ಲ. ಒಬ್ಬಳೇ ಇರುವವಳಿಗೆ ಖರ್ಚೇನು. ಆದರೆ ಕೊಟ್ಟರೆ ಅವರಿಗೆ ಗೊತ್ತಾಗುತ್ತದೆ, ಆ ಮಾತು ನನಗೆ ಬೇಕು ಅಂತ. ಹದಿನಾಲ್ಕು ವರ್ಷದಿಂದ ಬೇಕಾಗಿದೆ ಅಂತ. ಬೇಕು ಅಂತಲೇ ಸುಳ್ಳು ಹೇಳಿದೆ ಅಂತಾರೋ, ಬಾಯಿತಪ್ಪಿ ಬಂತು ಅಂತಾರೋ, ಎರಡರಲ್ಲಿ ಒಂದು ಸಿಕ್ಕಿದರೆ ಸಾಕು ನನಗೆ. ಒಂದಾದರೆ ದ್ವೇಷ ಮಾಡಿ ಮುಗಿಸುತ್ತೇನೆ. ಇನ್ನೊಂದಾದರೆ ಏನು ಮಾಡುತ್ತೇನೋ ಗೊತ್ತಿಲ್ಲ.

ಸ್ನಾನದ ಮನೆಯಲ್ಲಿ "ಆ ದಿನ" ಆದಮೇಲೆ ಏನು ಹೇಳುತ್ತಾರೆ? ಬಾಗಿಲ ಹತ್ತಿರ ನಿಂತು ಪೂರ್ತಿ ಕೇಳಿ ಬರೆ.

ತಂಗಿ

ಫೆಬ್ರವರಿ 20

ಪುಟ್ಟಿ,

ಬಾಗಿಲ ಹಿಂದೆ ನಿಂತು ಕೇಳುವ ಅಭ್ಯಾಸ ನನಗಿಲ್ಲ. ನೀರಿನ ಸದ್ದಿನಲ್ಲಿ ಕೇಳುವುದೂ ಇಲ್ಲ.

ಕೊನೆಯ ವಾರ ಖಾಲಿ ಸೀಟನ್ನು ಬಿಡಿಗಾಸಿಗೆ ಬಿಸಾಡುತ್ತಾರೆ. ಅಲ್ಲಿಯವರೆಗೆ ಕೊಳ್ಳಬೇಡ.

ಅಕ್ಕ

ಮಾರ್ಚ್ 1

ಅಕ್ಕ,

ಕೊನೆಯ ವಾರ ಯಾರೂ ಏನೂ ಬಿಸಾಡುವುದಿಲ್ಲ, ಅದು ಬೆಂಚಿನ ಮೇಲೆ ಕೂತವರ ಕಥೆ. ನೀನು ಕೌಂಟರಿನ ಒಳಗಿರುವವಳು, ಇಷ್ಟೂ ಗೊತ್ತಿಲ್ಲವೆ?

ಇರಲಿ. ನಿನ್ನೆ ಮೇಜಿನ ಮುಂದೆ ಕೂತು ನಾನೇ ಬೆಲೆಯನ್ನು ಇಪ್ಪತ್ತೆಂಟಕ್ಕೆ ಏರಿಸಿದೆ. ಏರಿಸಿ ಕೈ ತೆಗೆದಾಗ ನಾಚಿಕೆಯಾಯಿತು. ಮುದುಕರು ಇಷ್ಟು ದಿನದ ಮೇಲೆ ಮಾತಾಡುತ್ತೇನೆ ಅಂದರೆ ನಾನು ಚೌಕಾಸಿಗೆ ಕೂತಿದ್ದೇನೆ. ಬೆಲೆ ಎಷ್ಟಾದರೂ ಆಗಲಿ, ಹದಿನೈದರ ವಿಮಾನಕ್ಕೆ ಬರುತ್ತೇನೆ. ರಜೆಯ ಅರ್ಜಿ ಕೊಟ್ಟಿದ್ದೇನೆ, ಎಂಟನೇ ತಾರೀಖು ಸಿಗುತ್ತದೆ, ಸಿಕ್ಕ ತಕ್ಷಣ ಟಿಕೆಟ್ಟು. ಗುಂಪಿನವರು ದುಡ್ಡು ಕಟ್ಟದ ಹತ್ತೂ ಸೇರಿ ಇನ್ನೂ ಇಪ್ಪತ್ತು ಸೀಟು ಖಾಲಿ ಇದೆ.

ಕಾಗದವನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ, ನಾಲ್ಕೇ ದಿನಕ್ಕೆ ಸಿಗುತ್ತದೆ. ಅಪ್ಪನಿಗೆ ಹೇಳು. ದನಿ ಉಳಿಸಿಕೊಳ್ಳಲಿ.

ಪುಟ್ಟಿ

ಮಾರ್ಚ್ 20

ಅಕ್ಕ,

ನಾನು ಬರಲಿಲ್ಲ. ಯಾಕೆ ಅಂತ ನಿನಗೆ ಗೊತ್ತು ಅನ್ನುವುದು ಈಗ ನನಗೆ ಗೊತ್ತು.

ಎಂಟನೇ ತಾರೀಖು ರಜೆಯ ಕಾಗದ ಕೈಗೆ ಬಂದ ನಿಮಿಷವೇ ಪುಟ ತೆರೆದೆ. ಒಂದು ಸೀಟೂ ಇಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ಯಾರೋ ಹಿಡಿದಿಟ್ಟಿದ್ದರು. ನಾಚಿಕೆ ಬಿಟ್ಟು ಮೇಲಿನವರ ಹತ್ತಿರ ಹೋಗಿ, ಯಾವ ಅಂಗಡಿ ಅಂತ ತೆಗೆಸಿದೆ. ನಿನ್ನ ಅಂಗಡಿ. ಫೋನ್ ಮಾಡಿದೆ. ಮಾಲೀಕರು ಎತ್ತಿದರು. "ಅವ್ರು ಆಸ್ಪತ್ರೆ ಓಡಾಟದಲ್ಲಿದಾರೆ ಕಣಮ್ಮಾ, ರಜಾ. ಅವ್ರ ಕೀಲಿಯಲ್ಲಿ, ಅದೇ ಪಾಸ್‌ವರ್ಡಲ್ಲಿ, ಹಿಡಿದ ಸೀಟು ಅವ್ರೇ ಬಿಡ್ಬೇಕು, ನಮ್ಗೆ ಬರಲ್ಲ" ಅಂದರು. ದಿನಾ ಮಾಡಿದೆ. ದಿನಾ ಅದೇ ಉತ್ತರ. ಮೂರು ದಿನಕ್ಕೊಮ್ಮೆ ತಾನಾಗಿಯೇ ಹೊಸದಾಗುವಂತೆ ಕೂರಿಸಿದ್ದೆಯಲ್ಲ, ಕಣ್ಣೆದುರೇ ಬಿಟ್ಟು ಕಣ್ಣೆದುರೇ ಹಿಡಿಯಿತು. ಬೇರೆ ದಾರಿ ಹುಡುಕಿದೆ. ಎರಡು ವಿಮಾನ, ಒಂದು ಬಸ್ಸು, ಮಂಗಳವಾರ ತಲುಪುತ್ತಿದ್ದೆ. ದನಿ ಹೋದ ಮಾರನೆಯ ದಿನ. ವಿಮಾನ ಶುಕ್ರವಾರ ಇಪ್ಪತ್ತು ಖಾಲಿ ಸೀಟು ಹೊತ್ತುಕೊಂಡು ಹೋಯಿತು.

ಮೊದಲು ಕೋಪ ಬಂತು. ಆಮೇಲೆ ಹಳೆಯದೆಲ್ಲ ತೆಗೆದು ನೋಡಿದೆ. ನವೆಂಬರಿನ ಹತ್ತು ಸೀಟು ಕೂಡ ನೀನೇ. ಆಗ ಅರ್ಥವಾಯಿತು. ಅಗ್ಗದ ಸೀಟು ಬೇರೆಯವರ ಪಾಲಾಗದಿರಲಿ ಅಂತ ನನಗಾಗಿ ತಡೆದಿಟ್ಟಿದ್ದೆ. ಹೇಳಿದರೆ ನನ್ನ ಹಟಕ್ಕೆ ಬೇಡ ಅಂದುಬಿಡುತ್ತೇನೆ ಅಂತ ಹೇಳಲಿಲ್ಲ. ನಾನೋ, ಗುಂಪು ಗುಂಪು ಅಂತ ಖಾನೆ ಮುಚ್ಚಿದೆ. ನನ್ನ ಕಾಗದ ನೋಡಿ ನೀನು ಉಳಿದ ಹತ್ತನ್ನೂ ಹಿಡಿದೆ, ಆಸ್ಪತ್ರೆಯ ಗಡಿಬಿಡಿಯಲ್ಲಿ ಬಿಡುವುದು ಮರೆತೆ. ಇಬ್ಬರೂ ಸೇರಿ ಒಂದು ಸೀಟನ್ನು ಎರಡು ಕಡೆಯಿಂದ ಎಳೆದು ಹರಿದೆವು.

ನಿನ್ನನ್ನು ಎಷ್ಟು ಚುಚ್ಚಿದೆ. ಉಗುಳು ಹಿಡಿದವಳು ನೀನು, ಕ್ಷಮಿಸು ಅಕ್ಕ. ಅಪ್ಪ ಹೇಗಿದ್ದಾರೆ? ಕೊನೆಗೆ ಏನಾದರೂ ಹೇಳಿದರಾ?

ನಿನ್ನ ಪುಟ್ಟಿ

ಏಪ್ರಿಲ್ 1

ನನ್ನ ಪುಟ್ಟಿ,

ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡೆ. ಹೌದು, ನಿನಗಾಗಿಯೇ. ಬೇರೆ ಯಾರಿಗಾಗಿ ನಾನು ಅಷ್ಟು ಕಷ್ಟಪಡಲಿ? ಇಪ್ಪತ್ತು ಸುಳ್ಳು ಹೆಸರು ಹುಡುಕುವುದೇನು ಸುಲಭವೆ? ಹಳೆ ಬಸ್ ಕಂಡಕ್ಟರುಗಳ ಹೆಸರೆಲ್ಲ ಹಾಕಿದ್ದೆ.

ಆಪರೇಷನ್ ಚೆನ್ನಾಗಿ ಆಯಿತು. ಕತ್ತಿನಲ್ಲಿ ಸಣ್ಣ ತೂತು, ಅದರಲ್ಲೇ ಉಸಿರು. ಶುಕ್ರವಾರ ಸಂಜೆಯವರೆಗೆ ಬಾಗಿಲು ನೋಡುತ್ತಿದ್ದರು. ಶನಿವಾರ ಗೋಡೆಯ ಕಡೆ ತಿರುಗಿ ಮಲಗಿದರು. ಸೋಮವಾರ ಸ್ಟ್ರೆಚರಿನಲ್ಲಿ ಒಯ್ಯುವಾಗ ಬಾಯಿ ತೆರೆದರು, ಏನೂ ಅನ್ನಲಿಲ್ಲ. ಇನ್ನು ಆ ಗುಟ್ಟಿನ ಆಸೆ ಬಿಡು.

ಪೆನ್ನು ನಿಲ್ಲದ ಕೈಗೆ ಆಸ್ಪತ್ರೆಯವರು ಒಂದು ಸ್ಲೇಟು, ದಪ್ಪ ಬಳಪ ಕೊಟ್ಟಿದ್ದಾರೆ. ಬಳಪ ಹೇಗೋ ನಿಲ್ಲುತ್ತದೆ. ನೀರು, ನೋವು, ದಿಂಬು, ಇಷ್ಟೇ ಬರೆಯುವುದು. ಪುಟ್ಟಿಗೆ ಏನು ಹೇಳಬೇಕಿತ್ತು ಅಂತ ನಿನಗಾಗಿ ಕೇಳಿದೆ. ನನ್ನ ಮುಖ ನೋಡಿ, ಬರೆಯದೇ ಇದ್ದ ಸ್ಲೇಟನ್ನೇ ತೋಳಿನಿಂದ ಒರೆಸಿದರು. ಮರೆತಿದ್ದಾರೆ ಅಂತ ಕಾಣುತ್ತದೆ.

ಈಗ ಬರಬೇಡ. ಬೇಸಗೆ ರಜೆ, ಬೆಲೆ ಮುಗಿಲು ಮುಟ್ಟಿದೆ. ಅಂಥ ಅವಸರವೇನೂ ಇಲ್ಲವಲ್ಲ ಇನ್ನು.

ನಿನ್ನ ಅಕ್ಕ

ಏಪ್ರಿಲ್ 6

(ಇದು ಹದಿನಾಲ್ಕನೇ ಹಾಸಿಗೆಯ ಹಿರಿಯರು ಸ್ಲೇಟಿನ ಮೇಲೆ ಬರೆದದ್ದು. ತುಂಬಿದಾಗಲೆಲ್ಲ ನಾನು ಕಾಗದಕ್ಕೆ ಇಳಿಸಿ, ಒರೆಸಿ ಕೊಟ್ಟಿದ್ದೇನೆ. ಎರಡು ಮಧ್ಯಾಹ್ನ ಹಿಡಿಯಿತು, ಅವರ ಮಗಳು ಊಟಕ್ಕೆ ಹೋದ ಹೊತ್ತಿನಲ್ಲಿ. ವಿಳಾಸ ಅವರಿಗೆ ಬಾಯಿಪಾಠ ಇತ್ತು. ವಾರ್ಡಿನ ನರ್ಸ್.)

ಪುಟ್ಟಿ.

ನಾನು ನಿಮ್ಮಪ್ಪ. ಬಾಯಲ್ಲಿ ಹೇಳಬೇಕು ಅಂತ ಕಾದೆ. ಬಾಯಲ್ಲಿ ಆದ ತಪ್ಪನ್ನು ಬಾಯಲ್ಲೇ ತೊಳೆಯಬೇಕು ಅಂದುಕೊಂಡೆ. ಆಗಲಿಲ್ಲ.

ಆ ದಿನ ಚೀಟಿಯಲ್ಲಿ ನಾಲ್ಕೂವರೆ, ಒಂಬತ್ತನೇ ಅಂಕಣ ಅಂತಲೇ ಇತ್ತು. ನಾನು ಇದ್ದದ್ದನ್ನು ಓದಿದೆ. ಅಕ್ಷರ ದೊಡ್ಡವಳದು. ಅವಳ ಮದುವೆಯ ಮಾತು ನಡೆಯುತ್ತಿತ್ತು. ನೀನು ಓಡಿಹೋದರೆ ಆ ಮನೆಯವರು ಕೈಬಿಡುತ್ತಾರೆ ಅಂತ ಅವಳಿಗೆ ಭಯ. ನೀನು ಹೋಗಲಿಲ್ಲ. ಅವರು ಆದರೂ ಕೈಬಿಟ್ಟರು.

ಚೀಟಿಯನ್ನು ನಾನು ಹರಿದು ಹಾಕಿದೆ. ಮನೆಯಲ್ಲಿ ಉಳಿಯುವ ಮಗಳು ಅವಳೊಬ್ಬಳೇ ಅಂತ ಬಾಯಿ ಮುಚ್ಚಿಕೊಂಡೆ. ಅವಳು ಮಾಡಿದ ಅನ್ನ ತಿಂದೆ.

ನನ್ನ ಕಾಗದಗಳನ್ನು ಬರೆದವಳು ಅವಳೇ. ಹೇಳಿದ್ದು ಬರೆದಳೋ ಇಲ್ಲವೋ ಗೊತ್ತಿಲ್ಲ. ಬೇಗ ಬಾ, ಬೆಲೆ ನಾನು ಕೊಡುತ್ತೇನೆ ಅಂತ ಎರಡು ಸಲ ಬರೆಸಿದೆ. ದಿನಾ ಅಂಗಡಿಯಲ್ಲಿ ಕೂತು ಬೆಲೆ ಕೇಳಿದೆ. ದಿನಾ ಏರಿದೆ ಅಂದಳು. ಯಾಕೆ ಏರುತ್ತಿದೆ ಅಂತ ಅವಳ ಮುಖ ನೋಡಿ ಗೊತ್ತಾಯಿತು. ಕೇಳುವಷ್ಟು ದನಿ ಇರಲಿಲ್ಲ, ಇದ್ದದ್ದನ್ನು ನಿನಗೆ ಇಟ್ಟಿದ್ದೆ.

ಇನ್ನೊಂದಿದೆ. ಅದೇ ದೊಡ್ಡದು. ಬಸ್ಸು ಎರಡನೇ ಅಂಕಣದಲ್ಲಿ ನಿಂತದ್ದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ಒಂಬತ್ತರಲ್ಲಿ ನೀನು ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತದ್ದೂ ಕಾಣುತ್ತಿತ್ತು. ಮೂರು ನಿಮಿಷ ಇತ್ತು. ಮೈಕು ಕೈಯಲ್ಲಿತ್ತು. ನಾನು ಕೂಗಲಿಲ್ಲ. ಯಾಕೆ ಕೂಗಲಿಲ್ಲ ಅನ್ನುವುದನ್ನು

(ಇಲ್ಲಿ ಬಳಪ ಮುಗಿಯಿತು. ಅಷ್ಟರಲ್ಲಿ ಮಗಳು ಬಂದರು. ಉಳಿದದ್ದು ನೀವು ಬಂದಾಗ ಬರೆಯುತ್ತಾರಂತೆ, ಸನ್ನೆ ಮಾಡಿ ತೋರಿಸಿದರು. ಸೋಮವಾರ ಮನೆಗೆ ಕಳಿಸುತ್ತಾರೆ.)

ಏಪ್ರಿಲ್ 18

ಟಿಕೆಟ್ ಅಂಗಡಿಯವಳಿಗೆ,

ಅಪ್ಪನ ಕಾಗದ ಬಂತು. ನೀನು ಬರೆಯದ್ದು.

ನಾನು ನಿನಗೆ ಕ್ಷಮಿಸು ಅಂತ ಬರೆದೆ. ಅದನ್ನು ಓದಿ ನೀನು ನಕ್ಕಿರಬೇಕು. ಹೌದು, ನಿನಗಾಗಿಯೇ ಅಂತ ಬರೆದ ಕೈ ಒಮ್ಮೆಯೂ ಅಳುಕಲಿಲ್ಲ. ಅದೇ ಅಕ್ಷರ, ಹದಿನಾಲ್ಕು ವರ್ಷದಲ್ಲಿ ಒಂದಿಷ್ಟೂ ಬದಲಾಗಿಲ್ಲ.

ಮೇ 3ರ ವಿಮಾನಕ್ಕೆ ಟಿಕೆಟ್ಟು ತೆಗೆದಾಗಿದೆ. ಮೂವತ್ತೊಂದು ಸಾವಿರದ ನಾನೂರು, ಇರುವುದರಲ್ಲಿ ಅತಿ ಹೆಚ್ಚಿನ ಖಾನೆ. ಹಿಡಿದಿಡಲು ಪ್ರಯತ್ನ ಪಡಬೇಡ, ದುಡ್ಡು ಕಟ್ಟಿದ್ದೇನೆ. ಮೂರೂವರೆ ತಿಂಗಳು ಸುಳ್ಳು ಹೆಸರಿನಲ್ಲಿ ಸೀಟು ತಡೆದದ್ದಕ್ಕೆ ನಿನ್ನ ಕೀಲಿಯ ಮೇಲೆ ವರದಿ ಬರೆದು ಕಳಿಸಿದೆ. ನಿನ್ನ ಮಾಲೀಕರಿಗೆ ಈ ವಾರ ಸಿಗುತ್ತದೆ. ಒಂಬತ್ತು ವರ್ಷದ ಕೆಲಸ, ಕಷ್ಟವಾಗುತ್ತದೆ ಅಂತ ಗೊತ್ತು. ಗೊತ್ತಿದ್ದೇ ಬರೆದೆ.

ನನಗೆ ಅವರ ಹತ್ತಿರ ಒಂದೇ ಪ್ರಶ್ನೆ ಇದೆ. ಆ ಮೂರು ನಿಮಿಷ ಯಾಕೆ ಸುಮ್ಮನಿದ್ದರು. ಅದನ್ನು ಅವರ ಕೈಯಿಂದಲೇ ಓದಬೇಕು. ಸ್ಲೇಟು, ಬಳಪ ಅವರ ಹತ್ತಿರವೇ ಇಡು. ಅಷ್ಟು ಮಾಡು ಸಾಕು, ಆಮೇಲೆ ನನಗೆ ನೀನು ಯಾರೂ ಅಲ್ಲ.

ಅವರ ಚಿಕ್ಕ ಮಗಳು

ಏಪ್ರಿಲ್ 26

ಪುಟ್ಟಿ,

ನೀನು ಹಾಕಿದ ಹಾಗೇ ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ, ಹೊರಡುವ ಮುಂಚೆ ಸಿಗಲಿ ಅಂತ.

ಚೀಟಿ ನಾನೇ ಬರೆದದ್ದು. ನಾನು ಆ ಕಿಟಕಿಯಲ್ಲಿ ಕೂತು ದಿನಕ್ಕೆ ನೂರು ಜನಕ್ಕೆ ಎಲ್ಲಿ ಹೋಗಬೇಕು ಅಂತ ದಾರಿ ಹೇಳುತ್ತಿದ್ದೆ. ಎಲ್ಲರೂ ಹೋಗುತ್ತಿದ್ದರು. ನೀನೂ ಹೊರಟೆ, ನನಗೆ ಒಂದು ಮಾತು ಹೇಳದೆ, ನನ್ನದೇ ಚೀಲ ತೆಗೆದುಕೊಂಡು. ಮೂರೂವರೆ ತಿಂಗಳು ಸೀಟು ಹಿಡಿದದ್ದೂ ನಾನೇ. ಬೆಲೆ ಏರಿಸಿದವಳು ಮಾತ್ರ ನೀನು. ನಾನು ಹಿಡಿದೆ, ನೀನು ಮುಚ್ಚಿದೆ. ಹದಿನಾಲ್ಕು ಸಾವಿರ ಅಂತ ನೀನು ಹಟ ಹಿಡಿಯದಿದ್ದರೆ ನನ್ನ ಕೈಲಿ ಏನಾಗುತ್ತಿತ್ತು ಹೇಳು. ಅಕ್ಟೋಬರಿನಲ್ಲೇ ಕೊಂಡಿದ್ದರೆ ನೀನು ಬಂದು ಕೇಳಿ ಹೋಗುತ್ತಿದ್ದೆ.

ನಿನ್ನ ವರದಿ ಬಂತು. ಮಾಲೀಕರು ಸಭ್ಯರು, ಎಲ್ಲರೆದುರು ಬೈಯಲಿಲ್ಲ. ಒಳಗೆ ಕರೆದು, "ಕೀಲಿ ಇಟ್ಟು ಹೋಗಿ ತಾಯಿ" ಅಂದರು. ಈಗ ಮನೆಯಲ್ಲೇ ಇದ್ದೇನೆ, ಅಪ್ಪನ ಎದುರಿಗೆ, ದಿನವಿಡೀ. ಒಳ್ಳೆಯ ಜೋಡಿ. ಅವರಿಗೆ ದನಿ ಇಲ್ಲ, ನನಗೆ ಆಡಲು ಮಾತಿಲ್ಲ.

ಬಾ. ಹಾಸಿಗೆ ಹಾಸಿರುತ್ತೇನೆ. ಆದರೆ ಡಾಕ್ಟರು ನಿನ್ನೆ ನೋಡಿ, ಗಡ್ಡೆ ಕೆಳಗೆ ಮತ್ತೆ ಹರಡಿದೆ ಅಂದರು. ವಾರವೋ, ಹತ್ತು ದಿನವೋ. ಅಪ್ಪನಿಗೆ ಗೊತ್ತಾಗಿದೆ. ಬೆಳಿಗ್ಗೆಯಿಂದ ಗಾಳಿಯಲ್ಲಿ ಬೆರಳು ಆಡಿಸಿ ಏನೋ ಬರೆಯುತ್ತಿದ್ದಾರೆ, ನಾನು ನೋಡುವುದಿಲ್ಲ. ಸ್ಲೇಟು ಮೊನ್ನೆ ನನ್ನ ಕೈಜಾರಿ ಬಿದ್ದು ಒಡೆಯಿತು. ಹೊಸದು ತರಬೇಕು. ಕೆಲಸವಿಲ್ಲದವಳು, ಖರ್ಚು ನೋಡಿ ಮಾಡಬೇಕಲ್ಲ. ಬೆಲೆ ಇಳಿಯಲಿ ಅಂತ ಕಾಯುತ್ತಿದ್ದೇನೆ.

ಅಕ್ಕ